ಹಿಮ್ಮಡಿ ನೋವಿಗೆ ಶಾಕ್‌ವೇವ್: ಪ್ಯಾಕೇಜ್ ದುಡ್ಡು ಕಟ್ಟೋ ಮುಂಚೆ

ಪ್ರಶ್ನೆ (ಪ್ರೌಢಶಾಲೆ ಶಿಕ್ಷಕಿ, 47, ದಾವಣಗೆರೆ):
ಸರ್, ಎಂಟು ತಿಂಗಳಿಂದ ಬಲಗಾಲ ಹಿಮ್ಮಡಿ ನೋವು. ಬೆಳಿಗ್ಗೆ ಮಂಚದಿಂದಿಳಿದು ಮೊದಲ ಹೆಜ್ಜೆ ಇಟ್ಟರೆ ಮೊಳೆ ಚುಚ್ಚಿದ ಹಾಗಾಗುತ್ತೆ. ಗೋಡೆ ಹಿಡ್ಕೊಂಡು ಬಚ್ಚಲಮನೆಗೆ ಹೋಗ್ತೀನಿ. ಹತ್ತು ನಿಮಿಷ ಓಡಾಡಿದ ಮೇಲೆ ಸಡಿಲ, ಮತ್ತೆ ನಾಲ್ಕನೇ ಪೀರಿಯಡ್ ಹೊತ್ತಿಗೆ ಶುರು. ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆ ಮುಳ್ಳಿನ ಹಾಗೆ ಬೆಳೆದಿದೆ ಅಂದ್ರು. ಮಾತ್ರೆ, ಮುಲಾಮು, ಎಂಸಿಆರ್ ಅನ್ನೋ ಮೆತ್ತನೆ ರಬ್ಬರ್ ಚಪ್ಪಲಿ, ಅತ್ತೆ ಹೇಳಿದ ಎಕ್ಕದೆಲೆ ಮತ್ತು ಬಿಸಿ ಇಟ್ಟಿಗೆ, ಎಲ್ಲಾ ಆಯ್ತು. ಈಗ ಒಂದು ಕ್ಲಿನಿಕ್‌ನವರು ಶಾಕ್‌ವೇವ್ ಐದು ಸಿಟ್ಟಿಂಗ್‌ಗೆ ₹9,000 ಪ್ಯಾಕೇಜ್, ಮುಳ್ಳು ಪುಡಿಪುಡಿ ಆಗುತ್ತೆ ಅಂತಿದ್ದಾರೆ. ಮಾಡಿಸ್ಲಾ? ಶಾಕ್ ಅಂದ್ರೆ ಕರೆಂಟ್ ಕೊಡ್ತಾರಾ?

ಉತ್ತರ (ಫಿಸಿಯೋಥೆರಪಿಸ್ಟ್, ಶಿವಮೊಗ್ಗ):
ಮೊದಲೇ ಹೇಳಿಬಿಡ್ತೀನಿ ಮೇಡಂ, ನನ್ನ ಹತ್ರಾನೂ ಈ ಮಿಷನ್ ಇದೆ. ಹಾಗಾಗಿ ನನ್ನ ಮಾತನ್ನೂ ಜರಡಿ ಹಿಡಿದೇ ಕೇಳಿ.

ಕರೆಂಟ್ ಅಲ್ಲ, ಒತ್ತಡದ ಅಲೆ. ಇದರ ಹುಟ್ಟು ವಿಮಾನದ ಕಡೆಯಿಂದ. ಜರ್ಮನಿಯ ಡಾರ್ನಿಯರ್ ಅನ್ನೋ ವಿಮಾನ ಕಂಪನಿಯವರು, ವೇಗವಾಗಿ ಹಾರೋ ವಿಮಾನಕ್ಕೆ ಮಳೆಹನಿ ಬಡಿದಾಗ ಲೋಹದೊಳಗೆ ಏನಾಗುತ್ತೆ ಅಂತ ನೋಡ್ತಿದ್ದರು. ಆ ಕೆಲಸ ಬೆಳೀತಾ ಬೆಳೀತಾ 1980ರಲ್ಲಿ ಮ್ಯೂನಿಕ್‌ನಲ್ಲಿ ಮೊದಲ ಸಲ ಒಬ್ಬ ರೋಗಿಯ ಕಿಡ್ನಿ ಕಲ್ಲನ್ನ ಹೊರಗಿನಿಂದಲೇ ಅಲೆ ಹಾಯಿಸಿ ಒಡೆದರು. ಹಿಮ್ಮಡಿಗೆ ಬಳಸೋ ಮಿಷನ್ ಆ ಮನೆತನದ್ದೇ. 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆಯೂ ಹಳೇ ಹಿಮ್ಮಡಿ ನೋವಿಗೆ ಇಂಥದ್ದೊಂದು ಮಿಷನ್ನನ್ನ ಒಪ್ಪಿತು.

ಕಿಡ್ನಿ ಕಲ್ಲು ಒಡೆಯೋ ಈ ಕಥೆಯಿಂದಲೇ ಮುಳ್ಳು ಪುಡಿ ಅನ್ನೋ ನಂಬಿಕೆ ಹುಟ್ಟಿದ್ದು. ನಿಮ್ಮ ಮುಳ್ಳು ಪುಡಿ ಆಗಲ್ಲ. ನೋವು ಪೂರ್ತಿ ಹೋದ ಮೇಲೆ ಎಕ್ಸ್‌ರೇ ತೆಗೆಸಿದರೂ ಅದು ಅಲ್ಲೇ ಕೂತಿರುತ್ತೆ. ಒಂದು ದಿನವೂ ಹಿಮ್ಮಡಿ ನೋಯದ ಎಷ್ಟೋ ಜನರ ಕಾಲಲ್ಲಿ ಅಂಥ ಮುಳ್ಳಿದೆ. ನಿಮಗೆ ನೋಯ್ತಿರೋದು ಬಹುಶಃ ಹಿಮ್ಮಡಿಯಿಂದ ಬೆರಳ ಬುಡದವರೆಗೆ ಅಂಗಾಲಡಿ ಹಾಸಿರೋ ದಪ್ಪ ಪಟ್ಟಿ, ಪ್ಲಾಂಟಾರ್ ಫ್ಯಾಸಿಯಾ. ಅದು ಮೂಳೆಗೆ ಅಂಟಿರೋ ಜಾಗದಲ್ಲಿ ಕೆಟ್ಟು ದಪ್ಪಗಾಗಿರುತ್ತೆ. ಅಲ್ಟ್ರಾಸೌಂಡ್‌ನಲ್ಲಿ 4 ಮಿಲಿಮೀಟರ್ ದಾಟಿದ್ರೆ ಅನುಮಾನ ಗಟ್ಟಿ.

ಇನ್ನು ನನ್ನ ಪ್ರಶ್ನೆ. ಎಲ್ಲಾ ಆಯ್ತು ಅಂದ್ರಲ್ಲ, ಆ ಎಲ್ಲದರಲ್ಲಿ ವ್ಯಾಯಾಮ ಎಷ್ಟು ದಿನ ಮಾಡಿದ್ರಿ? ಹಿಮ್ಮಡಿಗೆ ಇಂಜೆಕ್ಷನ್ ಆಗಿದೆಯಾ? ಶುಗರ್ ಇದೆಯಾ? ರಕ್ತ ತೆಳು ಮಾಡೋ ಮಾತ್ರೆ?

ಶಿಕ್ಷಕಿ:
ವ್ಯಾಯಾಮದ ಚೀಟಿ ಕೊಟ್ಟಿದ್ರು ಸರ್, ನಾಲ್ಕೈದು ದಿನ ಮಾಡಿ ಬಿಟ್ಟೆ. ಫ್ರಿಜ್‌ನ ಬಾಟಲಿ ಉರುಳಿಸ್ತಿದ್ದೆ ಅಷ್ಟೆ. ಇಂಜೆಕ್ಷನ್ ಮೂರು ವಾರದ ಹಿಂದೆ ಒಂದು, ಹತ್ತು ದಿನ ಆರಾಮಿತ್ತು. ಶುಗರ್‌ಗೆ ಮಾತ್ರೆ ತಗೋತೀನಿ. ರಕ್ತ ತೆಳು ಮಾಡೋದು ಇಲ್ಲ.

ಉತ್ತರ:
ಹಾಗಿದ್ರೆ ಈ ವಾರ ದುಡ್ಡು ಕಟ್ಟಬೇಡಿ. ಆ ಇಂಜೆಕ್ಷನ್ ಸ್ಟಿರಾಯ್ಡ್ ಆಗಿರುತ್ತೆ. ಅದಾಗಿ ಆರು ವಾರ ಕಳೆಯೋವರೆಗೆ ಅದೇ ಜಾಗಕ್ಕೆ ಶಾಕ್‌ವೇವ್ ಕೊಡಲ್ಲ. ಇನ್ನೊಂದು ಇಂಜೆಕ್ಷನ್‌ಗೂ ಆತುರ ಬೇಡ. ಪದೇಪದೇ ಚುಚ್ಚಿಸಿದರೆ ಆ ಪಟ್ಟಿ ಹರಿಯೋದು, ಹಿಮ್ಮಡಿಯ ಕೊಬ್ಬಿನ ದಿಂಬು ಸವೆಯೋದು ಉಂಟು. ಶುಗರ್ ಕೂಡ ಕೆಲವು ದಿನ ಏರುತ್ತೆ. ನಿಮ್ಮದು ನೋಡಿಕೊಂಡ್ರಾ?

ಶುಗರ್ ಕೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಎಲ್ಲಿ ನೋವು, ಎಷ್ಟು ನೋವು ಅಂತ ನೀವು ಹೇಳ್ತಾ ಹೋದ ಹಾಗೆ ನಾವು ಮಿಷನ್ ಏರಿಸೋದು. ಅಂಗಾಲು ಜೋಮು ಹಿಡಿದಿದ್ರೆ ಆ ಲೆಕ್ಕವೇ ತಪ್ಪುತ್ತೆ. ಸ್ಪರ್ಶ ಸರಿ ಇದೆಯಾ ಅಂತ ಮೊದಲು ಪರೀಕ್ಷೆ ಮಾಡಿಸಿ.

ಆ ಆರು ವಾರ ಮುಗಿಯೋವರೆಗೆ ಸುಮ್ಮನೆ ಕೂರಬೇಡಿ. ಬೆಳಿಗ್ಗೆ ಕಾಲು ನೆಲಕ್ಕೆ ತಾಗೋ ಮುಂಚೆ, ಮಂಚದ ಮೇಲೇ, ಬಲಗಾಲನ್ನ ಎಡತೊಡೆ ಮೇಲಿಟ್ಟು ಐದೂ ಬೆರಳನ್ನ ಕೈಯಿಂದ ಮೊಣಕಾಲ ಕಡೆ ಎಳೀರಿ. ಅಂಗಾಲಡಿ ತಂತಿ ಬಿಗಿದ ಹಾಗೆ ಕೈಗೆ ಸಿಗಬೇಕು. ಹತ್ತು ಎಣಿಸೋವರೆಗೆ ಹಿಡಿದು ಬಿಡಿ, ಹೀಗೆ ಹತ್ತು ಸಲ. ದಿನಕ್ಕೆ ಮೂರು ಹೊತ್ತು.

ಇದು ಒಗ್ಗಿದ ಮೇಲೆ, ದಿನ ಬಿಟ್ಟು ದಿನ ಮೆಟ್ಟಿಲ ವ್ಯಾಯಾಮ. ಕೈಪಿಡಿ ಹಿಡ್ಕೊಂಡು ಮೆಟ್ಟಿಲ ಅಂಚಲ್ಲಿ ನಿಲ್ಲಿ. ಟವೆಲ್ ಸುರುಳಿ ಸುತ್ತಿ ಬೆರಳಡಿ ಇಡಿ, ಬೆರಳು ಮೇಲಕ್ಕೆ ಬಾಗಿರಬೇಕು. ನೋಯೋ ಕಾಲ ಮೇಲೆ ಭಾರ ಹಾಕಿ ಮೂರು ಸೆಕೆಂಡ್‌ನಲ್ಲಿ ಹಿಮ್ಮಡಿ ಎತ್ತಿ, ಎರಡು ಸೆಕೆಂಡ್ ನಿಂತು, ಮೂರು ಸೆಕೆಂಡ್‌ನಲ್ಲಿ ಇಳಿಸಿ. ಹನ್ನೆರಡರಂತೆ ಮೂರು ಸುತ್ತು. ಒಂಟಿಕಾಲಲ್ಲಿ ಆಗದಿದ್ರೆ ಎರಡೂ ಕಾಲಿಂದ ಶುರು ಮಾಡಿ. ಸ್ವಲ್ಪ ನೋಯುತ್ತೆ, ಹೆದರಬೇಡಿ. ಬಾಟಲಿ ಉರುಳಿಸೋದು ಹಿತವಾಗಿರುತ್ತೆ, ಆದರೆ ಪಟ್ಟಿಗೆ ಬಲ ಬರೋದು ಭಾರ ಹೊತ್ತಾಗ.

ಸದಸ್ಯರು (ಮೈಸೂರು):
ನನ್ನ ತಮ್ಮ ಎರಡು ಸಿಟ್ಟಿಂಗ್ ಮಾಡಿಸಿದ. ಟಕಟಕ ಅಂತ ಕುಟ್ಟಿದ್ರು, ಜೀವ ಹೋದ ಹಾಗಾಯ್ತಂತೆ. ಮೂರು ವಾರ ಆಯ್ತು, ಏನೂ ಉಪಯೋಗ ಇಲ್ಲ. ಮರಗಟ್ಟೋ ಇಂಜೆಕ್ಷನ್ ಕೊಟ್ಟು ಮಾಡಬಾರದಾ? ದುಡ್ಡು ದಂಡ ಅನ್ಸುತ್ತೆ.

ಉತ್ತರ:
ಕುಟ್ಟೋ ವಿಷಯ ನಿಜ. ರೋಗಿ ಬೋರಲು ಮಲಗಿರ್ತಾರೆ, ಹಿಮ್ಮಡಿಯ ಒಳಬದಿಯಲ್ಲಿ ಹೆಬ್ಬೆರಳಿಂದ ಒತ್ತಿ ನೋವಿನ ಬಿಂದು ಹುಡುಕ್ತೀವಿ, ಜೆಲ್ ಹಚ್ಚಿ ಗನ್ ಇಡ್ತೀವಿ. ನಮ್ಮ ಕಡೆ ಹೆಚ್ಚಾಗಿ ಇರೋ ರೇಡಿಯಲ್ ಮಿಷನ್‌ನಲ್ಲಿ ಕಂಪ್ರೆಸರ್ ಗಾಳಿ ಒಂದು ಸಣ್ಣ ಲೋಹದ ಗುಂಡನ್ನ ನಳಿಕೆಯೊಳಗೆ ತಳ್ಳುತ್ತೆ, ಅದು ತುದಿಗೆ ಬಡಿದ ಪೆಟ್ಟು ಒಳಕ್ಕೆ ಹೋಗುತ್ತೆ. ಸೆಕೆಂಡಿಗೆ ಹತ್ತರಂತೆ 2000 ಪೆಟ್ಟು ಅಂದ್ರೆ ಮೂರೂವರೆ ನಿಮಿಷವೂ ಆಗಲ್ಲ. ಆದರೆ ಆ ಮೂರು ನಿಮಿಷ ಉದ್ದ! ಗಾಳಿಯ ಒತ್ತಡ ಒಂದೂವರೆ ಬಾರ್‌ನಿಂದ (ಬಾರ್ ಅಂದ್ರೆ ಒತ್ತಡದ ಅಳತೆ) ಶುರು ಮಾಡಿ ತಡೆಯೋಷ್ಟು ಏರಿಸಬೇಕು. ಮೊದಲ ಪೆಟ್ಟಿಗೇ ಜೀವ ಹೋಗೋ ಹಾಗೆ ಹೊಡೆಯೋದು ಶಾಣ್ಯಾತನ ಅಲ್ಲ.

ಮರಗಟ್ಟಿಸೋದು ಮಾತ್ರ ಬೇಡ. 2003ರಲ್ಲಿ ಜರ್ಮನಿಯಲ್ಲಿ 272 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಎಲ್ಲರಿಗೂ ಮರಗಟ್ಟೋ ಮದ್ದು ಕೊಟ್ಟಿದ್ದರು. ಮೂರು ತಿಂಗಳಿಗೆ ನಿಜವಾದ ಅಲೆ ಪಡೆದವರಲ್ಲಿ 34%, ಸುಳ್ಳು ಅಲೆ ಪಡೆದವರಲ್ಲಿ 30% ಸುಧಾರಿಸಿದ್ದರು. ವ್ಯತ್ಯಾಸವೇ ಇಲ್ಲ. 2008ರ ರೇಡಿಯಲ್ ಅಧ್ಯಯನದಲ್ಲಿ ಮರಗಟ್ಟಿಸದೆ ಕೊಟ್ಟಾಗ 61% ಮತ್ತು 42%. ಮಿಷನ್ ಮಾರೋರು 61 ಮಾತ್ರ ಹೇಳ್ತಾರೆ. ನಾನು 42ನ್ನೂ ಹೇಳ್ತೀನಿ. ಅಲೆಯೇ ಸಿಗದವರಲ್ಲೂ ಅಷ್ಟು ಜನ ಚೇತರಿಸಿಕೊಂಡಿದ್ದರು.

ನಿಮ್ಮ ತಮ್ಮನ ಮಟ್ಟಿಗೆ ತೀರ್ಪು ಕೊಡೋಕೆ ಇನ್ನೂ ಬೇಗ. ಸಾಮಾನ್ಯವಾಗಿ ವಾರಕ್ಕೊಂದರಂತೆ ಮೂರು ಸಿಟ್ಟಿಂಗ್. ಫಲ ಕಾಣೋದು ಆರರಿಂದ ಹನ್ನೆರಡು ವಾರಕ್ಕೆ. ನಿಂತುಹೋದ ದುರಸ್ತಿಯನ್ನ ದೇಹಕ್ಕೆ ಮತ್ತೆ ನೆನಪಿಸೋ ಪೆಟ್ಟು ಇದು. ಅದಕ್ಕೇ ಆ ದಿನಗಳಲ್ಲಿ ಉರಿಯೂತ ಇಳಿಸೋ ನೋವಿನ ಮಾತ್ರೆ ಬೇಡ ಅಂತ ನಾನು ಹೇಳೋದು.

ಸದಸ್ಯರು (ಮದುವೆ ಅಡುಗೆ, ಉಡುಪಿ):
ಡಾಕ್ಟ್ರೇ, ನಾನು ಬೆಳಗಿನ ಜಾವ ಮೂರರಿಂದ ಒಲೆ ಮುಂದೆ ಬರಿಗಾಲಲ್ಲಿ ನಿಲ್ಲೋನು. ಛತ್ರದ ಕಲ್ಲು ಹಾಸು. ನನಗೂ ಇದೇ ನೋವು. ನನ್ನ ಮಗನಿಗೆ 24, ಅವನಿಗೆ ಎರಡೂ ಹಿಮ್ಮಡಿ ನೋವು. ಬೆಳಿಗ್ಗೆ ಸೊಂಟ ಹಿಡ್ಕೊಂಡು ಏಳ್ತಾನೆ, ಬಿಡೋಕೆ ಒಂದು ಗಂಟೆ ಬೇಕು. ಇಬ್ಬರೂ ಒಟ್ಟಿಗೆ ಮಾಡಿಸಿಕೊಳ್ಳೋದಾ?

ಉತ್ತರ:
ಮಗನಿಗೆ ಬೇಡ ಭಟ್ರೇ. ಹರೆಯದಲ್ಲಿ ಎರಡೂ ಹಿಮ್ಮಡಿ, ಜೊತೆಗೆ ಬೆಳಿಗ್ಗೆ ಗಂಟೆಗಟ್ಟಲೆ ಸೊಂಟ ಬಿಗಿತ ಅಂದ್ರೆ ಅದು ಒಳಗಿನ ಕೀಲುವಾತ ಇರಬಹುದು. ಹಿಮ್ಮಡಿ ಬಿಟ್ಟು, ಕೀಲುವಾತದ ತಜ್ಞರು, ಅಂದ್ರೆ ರುಮಟಾಲಜಿಸ್ಟ್ ಹತ್ರ ಕರ್ಕೊಂಡು ಹೋಗಿ. ಇದನ್ನ ಮುಂದಿನ ಮುಹೂರ್ತ ಮುಗೀಲಿ ಅಂತ ತಳ್ಳಬೇಡಿ.

ನಿಮಗೆ ಒಲೆ ಹತ್ರ ಚಪ್ಪಲಿ ಆಗಲ್ಲ, ಗೊತ್ತು. ತರಕಾರಿ ಹೆಚ್ಚೋ ಕಡೆ, ಬಡಿಸೋಕೆ ತೆಗೆಯೋ ಕಡೆ ದಪ್ಪ ರಬ್ಬರ್ ಮ್ಯಾಟ್ ಹಾಕಿಸಿ. ಹೊರಗೆ ಕಾಲಿಟ್ಟ ಕೂಡಲೇ ಮೆತ್ತನೆ ಚಪ್ಪಲಿ. ಶಾಕ್‌ವೇವ್ ಕೊಡೋ ಮುಂಚೆ ಹಿಮ್ಮಡಿಯ ಎರಡೂ ಪಕ್ಕ ಅಂಗೈಯಿಂದ ಹಿಂಡಿ ನೋಡ್ತೀವಿ. ಆಗ ಕಿರುಚೋ ಹಾಗೆ ನೋವು ಬಂದ್ರೆ ಮೂಳೆಯಲ್ಲೇ ಸಣ್ಣ ಬಿರುಕಿರಬಹುದು, ಅದಕ್ಕೆ ಬೇರೆ ದಾರಿ. ಅಂದಹಾಗೆ ಗರ್ಭಿಣಿಯರಿಗೆ, ರಕ್ತ ತೆಳು ಮಾಡೋ ವಾರ್ಫರಿನ್‌ನಂಥ ಮಾತ್ರೆ ತಗೊಳ್ಳೋರಿಗೆ, ಆ ಜಾಗದಲ್ಲಿ ಸೋಂಕು ಅಥವಾ ಗೆಡ್ಡೆ ಇರೋರಿಗೆ ಇದು ಕೂಡದು. ಎಲ್ಲರೂ ಓದ್ತಿದ್ದೀರಲ್ಲ, ಅದಕ್ಕೆ ಹೇಳಿದೆ.

ಶಿಕ್ಷಕಿ (ಏಳು ವಾರದ ನಂತರ):
ಸರ್, ನೆನಪಿದೆಯಾ? ದುಡ್ಡು ಕಟ್ಟಲಿಲ್ಲ. ಬೆಳಗಿನ ನೋವು ಹತ್ತಕ್ಕೆ ಎಂಟಿತ್ತು, ಈಗ ನಾಲ್ಕು. ಗೋಡೆ ಹಿಡಿಯೋದು ಬಿಟ್ಟಿದ್ದೀನಿ. ಆದರೆ ಪರೀಕ್ಷೆ ಡ್ಯೂಟಿ ದಿನ ಮೂರು ಗಂಟೆ ನಿಂತರೆ ಸಂಜೆ ಮತ್ತೆ ಅದೇ. ಈಗಲಾದ್ರೂ ಮಿಷನ್ ಹಿಡಿಸ್ಲಾ?

ಉತ್ತರ:
ಎಂಟರಿಂದ ನಾಲ್ಕಕ್ಕೆ ಇಳಿದಿರೋದನ್ನ ನಾನು ಮಿಷನ್ ಹಚ್ಚಿ ಕೆದಕಲ್ಲ ಮೇಡಂ. ಇನ್ನೊಂದು ಆರು ವಾರ ನೋಡೋಣ. ನಾಲ್ಕರಲ್ಲೇ ನಿಂತುಬಿಟ್ರೆ ಆಗ ಮೂರು ಸಿಟ್ಟಿಂಗ್, ಒಂದೊಂದಕ್ಕೆ ದುಡ್ಡು ಕೊಟ್ಟು. ಅಲ್ಲಿವರೆಗೆ ಮೆಟ್ಟಿಲ ಮೇಲೆ ನಿಲ್ಲುವಾಗ ಬೆನ್ನಿಗೊಂದು ಬ್ಯಾಗ್ ಹಾಕಿ, ಒಳಗೆ ತಿದ್ದೋಕೆ ತಂದಿರೋ ನೋಟ್‌ಬುಕ್ ತುಂಬಿ. ಹನ್ನೆರಡರ ಬದಲು ಹತ್ತು ಸಲ ಎತ್ತಿದ್ರೆ ಸಾಕು, ಸುತ್ತು ನಾಲ್ಕು ಮಾಡಿ. ಅದೂ ಸಲೀಸಾದ್ರೆ ಇನ್ನೊಂದು ಸೆಕ್ಷನ್‌ನ ಪುಸ್ತಕ ಸೇರಿಸಿ.