ಸಹಾಯ ಬೇಕು: ಎರಡು ಕೋಣೆಯ ಶಾಲೆಗೆ ಮಡಚುವ ಗೋಡೆ

ನಮಸ್ಕಾರ. ಸಾಗರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ ನಾನು. ಎರಡು ಹೊಸ ಕೋಣೆ ಕಟ್ಟಬೇಕು, ಕೈಯಲ್ಲಿರುವ ದುಡ್ಡು ಕಡಿಮೆ.

ನಮಗೆ ಬಂದಿರುವ ನಕ್ಷೆ ಬೆಂಚಿನ ಸಾಲಿಗಾಗಿ ಬರೆದಂತಿದೆ. ಇಲ್ಲಿ ನಡೆಯುವುದು ನಲಿ-ಕಲಿ: ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ, ನೆಲದ ಮೇಲೆ, ಗುಂಪು ಗುಂಪಾಗಿ ಕೂರುತ್ತಾರೆ. ತಲೆಯ ಮೇಲೆ ದಾರದ ಚಪ್ಪರ, ಅದರಲ್ಲಿ ಅವರೇ ಕತ್ತರಿಸಿದ ಕಾಗದದ ಮೀನು, ಎಲೆ. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆಟಕುವ ಕಪ್ಪು ಹಲಗೆ ಬೇಕು, ನಕ್ಷೆಯಲ್ಲಿ ಅದಿಲ್ಲ. ಎರಡು ಕೋಣೆಗಳ ನಡುವೆ ಮಡಚುವ ಗೋಡೆಯಿದ್ದರೆ ಸಭೆಗೂ ಮಳೆಗಾಲದ ಆಟಕ್ಕೂ ಒಂದೇ ಜಾಗ ಸಾಕು. ಆದರೆ ಆಷಾಢದಲ್ಲಿ ನಮ್ಮ ಮನೆಯ ಬಾಗಿಲೇ ಉಬ್ಬಿ ಕೂರುತ್ತದೆ, ಮರದ ಮಡಚು ಗೋಡೆಯ ಗತಿ ಏನು?

ತಗಡಿನ ಸೂರು ಮಾತ್ರ ಬೇಡ. ಜೋರು ಮಳೆ ಬಂದರೆ ಮೇಷ್ಟ್ರ ತುಟಿ ಅಲುಗುವುದಷ್ಟೇ ಕಾಣುತ್ತದೆ.

ಮಂಗಳೂರು ಹೆಂಚನ್ನು ಕಾಂಕ್ರೀಟಿನ ಕೆಳಪದರದಲ್ಲಿ ಹುದುಗಿಸುವ ಫಿಲ್ಲರ್ ಸ್ಲ್ಯಾಬ್ ಎಂಬ ತಾರಸಿಯ ಬಗ್ಗೆ ಓದಿದ್ದೇನೆ. ಅಲ್ಲಿ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲವಾದ್ದರಿಂದ ಸಿಮೆಂಟ್ ಉಳಿಯುತ್ತದಂತೆ. ಮಲೆನಾಡಿನಲ್ಲಿ ಕಟ್ಟಿಸಿದವರಿದ್ದೀರಾ? ಸೋರಿತೇ? ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಗೆ ನಮ್ಮ ಜಂಬಿಟ್ಟಿಗೆ ಮಣ್ಣು ಆಗುತ್ತದೆಯೇ? ಈ ಕೆಲಸ ಬಲ್ಲ ಗಾರೆಯವರು ಶಿವಮೊಗ್ಗದ ಕಡೆ ಇದ್ದರೆ ದಯವಿಟ್ಟು ತಿಳಿಸಿ. ತಳಪಾಯ ದೀಪಾವಳಿ ಕಳೆದ ಮೇಲೆ.