ಹಳೆಯ ಲ್ಯಾಂಡ್ ರೋವರ್‌ಗೆ ಡೀಸೆಲ್ ಎಂಜಿನ್: ಕೂರಿಸಿದ ಮೇಲೆ ಏನೇನು ಬದಲಾಗಬೇಕು?

ಪ್ರಶ್ನೆ

ನನ್ನ ಬಳಿ ಸೀರೀಸ್ 3 ಲ್ಯಾಂಡ್ ರೋವರ್ ಇದೆ. 88 ಅಂಗುಲದ ಚಿಕ್ಕ ಚಾಸಿಯ ಈ ಗಾಡಿಯಲ್ಲಿರುವುದು ಅದರ ಮೂಲ ಎಂಜಿನ್, ಅಂದರೆ 2,286 ಸಿಸಿಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದೀಗ ಎಂಜಿನ್ ಎಣ್ಣೆ ಕುಡಿಯತೊಡಗಿದೆ. ಏರು ದಾರಿಯಲ್ಲಿ ಮೂರನೇ ಗೇರಿನಲ್ಲೂ ಏದುಸಿರು ಬಿಡುತ್ತದೆ. ಚಾಸಿ ತುಕ್ಕು ಹಿಡಿದು ಗುಜರಿಗೆ ಹೋಗಲಿದ್ದ ಲ್ಯಾಂಡ್ ರೋವರ್ ಡಿಸ್ಕವರಿಯೊಂದರ 200 ಟಿಡಿಐ ಡೀಸೆಲ್ ಎಂಜಿನ್ ನನಗೆ ಸಿಗುವಂತಿದೆ. ನನ್ನ ಗೇರ್‌ಬಾಕ್ಸಿಗೆ ಅದು ನೇರವಾಗಿ ಕೂರುತ್ತದೆಂದು ಹಲವರು ಹೇಳುತ್ತಾರೆ. ಅದು ನಿಜವೇ? ನಿಜವಾದರೆ, ಕೂರಿಸಿದ ನಂತರ ಬೇರೆ ಏನೇನನ್ನು ಬದಲಿಸಬೇಕಾಗುತ್ತದೆ? ನಾನು ಹೆಚ್ಚಾಗಿ ಓಡಿಸುವುದು ಡಾಂಬರು ರಸ್ತೆಯಲ್ಲಿ. ಕಚ್ಚಾ ದಾರಿ, ಹೊಳೆ ದಾಟುವುದು ಅಪರೂಪ.

ಮೊದಲ ಉತ್ತರ

ಕೂರುತ್ತದೆ ಎಂಬುದು ಬಹುಪಾಲು ನಿಜ. 2,495 ಸಿಸಿಯ 200 ಟಿಡಿಐ ನಿಮ್ಮ ಪೆಟ್ರೋಲ್ ಎಂಜಿನ್ನಿನ ವಂಶದಲ್ಲೇ ಹುಟ್ಟಿದ್ದು. ಆದ್ದರಿಂದ ಫ್ಲೈವೀಲ್ ಹೌಸಿಂಗಿನ ಕೆಲವು ಸ್ಟಡ್‌ಗಳನ್ನು ಬದಲಿಸಿದರೆ ಅದು ಸೀರೀಸ್ ಗೇರ್‌ಬಾಕ್ಸಿನ ಮುಂಭಾಗದ ಬೆಲ್ ಹೌಸಿಂಗಿಗೆ ಸೇರಿಕೊಳ್ಳುತ್ತದೆ, ಮತ್ತು ಹಳೆಯ ಎಂಜಿನ್ನಿನ ಮೌಂಟ್ ಬ್ರಾಕೆಟ್‌ಗಳನ್ನೇ ಹೊಸದರ ಬ್ಲಾಕಿಗೆ ಹಾಕಿ ಚಾಸಿಯ ಮೂಲ ಸ್ಥಾನದಲ್ಲೇ ಇಳಿಸಬಹುದು. ಕ್ಲಚ್ ಪ್ಲೇಟು ಮತ್ತು ಕ್ರ್ಯಾಂಕಿನ ತುದಿಯ ಸ್ಪಿಗಾಟ್ ಬುಷ್ ಮಾತ್ರ ನಿಮ್ಮ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿಗೆ ಹೊಂದುವಂಥವೇ ಆಗಿರಬೇಕು.

ತೊಡಕು ಇರುವುದು ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊದಲ್ಲಿ. ಡಿಫೆಂಡರಿನ 200 ಟಿಡಿಐನಲ್ಲಿ ಟರ್ಬೊ ಮೇಲ್ಗಡೆ ಇರುತ್ತದೆ. ಡಿಸ್ಕವರಿಯದರಲ್ಲಿ ತಗ್ಗಿನಲ್ಲಿದ್ದು ಸೀರೀಸ್ ಚಾಸಿಗೆ ತಾಗುತ್ತದೆ. ಡಿಫೆಂಡರಿನ ಮ್ಯಾನಿಫೋಲ್ಡ್ ಮತ್ತು ಟರ್ಬೊವನ್ನು ಹುಡುಕಿ ತಂದು ಹಾಕುವುದು ಸುಲಭದ ದಾರಿ. ಟರ್ಬೊವನ್ನೇ ಕಿತ್ತುಹಾಕಿ ಓಡಿಸುವವರೂ ಇದ್ದಾರೆ, ಆದರೆ ಇಷ್ಟೆಲ್ಲ ಶ್ರಮಪಟ್ಟ ಮೇಲೆ ಅದನ್ನು ಬಿಟ್ಟುಕೊಡುವುದು ನನಗಂತೂ ಸರಿಕಾಣುವುದಿಲ್ಲ.

ಎಂಜಿನ್ ಇನ್ನೂ ನೆಲದ ಮೇಲಿರುವಾಗಲೇ ಟೈಮಿಂಗ್ ಬೆಲ್ಟನ್ನು ಬದಲಿಸಿಬಿಡಿ. ಇದರ ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ. ಹಿಂದಿನ ಮಾಲೀಕರು ಒಮ್ಮೆ ಅತಿಯಾಗಿ ಕಾಯಿಸಿದ್ದರೂ ಹೆಡ್ ಡೊಂಕಾಗಿರುವ ಸಂಭವ ಇರುತ್ತದೆ. ಕೊಳ್ಳುವ ಮೊದಲು ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಎಂಜಿನ್ ಇಳಿಸಿದ ಮೇಲೆ ಗಾಡಿ ಓಡಿಸಲು ಹಿತವಾಗಿರುತ್ತದೆಯೇ ಎಂಬುದನ್ನು ನಿರ್ಧರಿಸುವುದು ಗೇರಿಂಗ್, ಅಂದರೆ ಚಕ್ರದ ಒಂದು ಸುತ್ತಿಗೆ ಎಂಜಿನ್ ಎಷ್ಟು ಸುತ್ತಬೇಕೆಂಬ ಅನುಪಾತ. ಆಕ್ಸಲ್ಲಿನ ನಡುವೆ ಕೂತು ಎರಡು ಚಕ್ರಗಳಿಗೆ ಬಲ ಹಂಚುವ ನಿಮ್ಮ ಡಿಫರೆನ್ಷಿಯಲ್ ಅನುಪಾತ 4.7; ಗೇರ್‌ಬಾಕ್ಸಿನ ಹಿಂದೆ ಕೂತು ಆಕ್ಸಲ್‌ಗಳಿಗೆ ಬಲ ಕಳಿಸುವ ಟ್ರಾನ್ಸ್‌ಫರ್ ಬಾಕ್ಸಿನ ಹೈ ರೇಂಜ್ (ಸಾಮಾನ್ಯ ರಸ್ತೆಗೆ ಬಳಸುವ) ಅನುಪಾತ ಸುಮಾರು 1.15. ಟಾಪ್ ಗೇರಿನಲ್ಲಿ, 16 ಅಂಗುಲದ ಎತ್ತರದ ಟೈರುಗಳೊಂದಿಗೆ, ಗಂಟೆಗೆ 80 ಕಿಲೋಮೀಟರ್ ವೇಗಕ್ಕೆ ಎಂಜಿನ್ ಆಗಲೇ ನಿಮಿಷಕ್ಕೆ 2,900ರ ಆಸುಪಾಸು ಸುತ್ತುತ್ತಿರುತ್ತದೆ. 1,800 ಸುತ್ತಿನಲ್ಲೇ ತನ್ನ ಪೂರ್ಣ ಟಾರ್ಕ್ (ತಿರುಗಿಸುವ ಬಲ) ಕೊಡುವ ಡೀಸೆಲ್ಲನ್ನು ಹೀಗೆ ದುಡಿಸಿದರೆ ಕಿವಿಗೂ ಹಿಂಸೆ, ಇಂಧನವೂ ದಂಡ.

ಇದಕ್ಕೆ ಎರಡು ದಾರಿಗಳಿವೆ. ರೇಂಜ್ ರೋವರ್ ಅಥವಾ ಡಿಸ್ಕವರಿಯ 3.54 ಅನುಪಾತದ ಡಿಫರೆನ್ಷಿಯಲ್‌ಗಳನ್ನು ಹಾಕಿದರೆ ಅದೇ ವೇಗಕ್ಕೆ ಎಂಜಿನ್ 2,200ರ ಹತ್ತಿರ ಇಳಿಯುತ್ತದೆ. ಮುಂದಿನದನ್ನೂ ಹಿಂದಿನದನ್ನೂ ಒಟ್ಟಿಗೇ ಬದಲಿಸಬೇಕು. ಒಂದನ್ನು ಮಾತ್ರ ಬದಲಿಸಿ ಫೋರ್ ವೀಲ್ ಹಾಕಿದರೆ ಎರಡು ಆಕ್ಸಲ್‌ಗಳು ಪರಸ್ಪರ ಎಳೆದಾಡಿ ಏನಾದರೊಂದು ಮುರಿದೇ ಮುರಿಯುತ್ತದೆ. ಇನ್ನೊಂದು ದಾರಿ ಟ್ರಾನ್ಸ್‌ಫರ್ ಬಾಕ್ಸಿನ ಹಿಂಬದಿಗೆ ಸೇರುವ ಫೇರಿ ಕಂಪನಿಯ ಓವರ್‌ಡ್ರೈವ್, ಅಂದರೆ ಮೇಲಿನದೊಂದು ಹೆಚ್ಚುವರಿ ಗೇರು. ಅದೂ ಎಂಜಿನ್ ಸುತ್ತನ್ನು ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಇಳಿಸುತ್ತದೆ, ಬೇಡವಾದಾಗ ಕಳಚಿಡಬಹುದು. ಆದರೆ ಟಿಡಿಐನ ಟಾರ್ಕಿನಲ್ಲಿ ಹೊರೆ ಹೇರಿ ಏರು ಹತ್ತುವಾಗ ಅದನ್ನು ಬಳಸಿದರೆ ಬಹಳ ದಿನ ಬಾಳುವುದಿಲ್ಲ.

ಡಿಫರೆನ್ಷಿಯಲ್ ಬದಲಿಸಿದಾಗ ಕಳೆದುಕೊಳ್ಳುವುದೂ ಇದೆ. ಲೋ ರೇಂಜಿನ (ಕಡಿದಾದ ದಾರಿಗೆ ಬಳಸುವ ನಿಧಾನ ಗೇರುಗಳ) ಮೊದಲ ಗೇರಿನಲ್ಲಿ ನಿಮ್ಮ ಒಟ್ಟು ಅನುಪಾತ ಈಗ 40ರ ಸುಮಾರಿದೆ, 3.54 ಹಾಕಿದರೆ 30ಕ್ಕೆ ಬರುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕ್ ಮುಟ್ಟದೆ ಇಳಿಯುವ ಸುಖ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಹಾಗಿದ್ದರೂ ನಾನು ಇದನ್ನೇ ಆರಿಸುತ್ತೇನೆ, ಯಾಕೆಂದರೆ ಸೀರೀಸ್‌ನ ಹಾಫ್‌ಶಾಫ್ಟುಗಳು (ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಬಲ ಒಯ್ಯುವ ದಂಡಗಳು) ಬಲಹೀನವೆಂದು ಹೆಸರಾದವು. ಪೆಟ್ರೋಲ್ ಎಂಜಿನ್ನಿನ ಸುಮಾರು 160 ನ್ಯೂಟನ್ ಮೀಟರ್ ಲೋ ಮೊದಲ ಗೇರಿನಲ್ಲಿ ಆಕ್ಸಲ್‌ಗಳನ್ನು ತಲುಪುವಾಗ ಒಟ್ಟು 6,500ರಷ್ಟಾಗುತ್ತದೆ. ಟಿಡಿಐನ 265 ಅದೇ ಡಿಫರೆನ್ಷಿಯಲ್ ಮೂಲಕ 10,700 ಆಗುತ್ತದೆ, 3.54ರ ಮೂಲಕವಾದರೆ 8,100. ಅಂದರೆ ಎತ್ತರದ ಗೇರಿಂಗ್ ಹಾಫ್‌ಶಾಫ್ಟಿನ ಆಯುಷ್ಯವನ್ನೂ ಕಾಯುತ್ತದೆ. ಡಿಫರೆನ್ಷಿಯಲ್ ಬದಲಾದರೆ ಸ್ಪೀಡೊಮೀಟರ್ ಸುಳ್ಳು ಹೇಳುತ್ತದೆ, ಅದನ್ನೂ ಸರಿಪಡಿಸಿಕೊಳ್ಳಿ.

ಮೂರನೆಯ ಉತ್ತರ

ನಾನು ಇದೇ ಕೆಲಸವನ್ನು ಒಮ್ಮೆ ಮಾಡಿ, ಇನ್ನೊಮ್ಮೆ ಮಾಡದೆ ಪೆಟ್ರೋಲ್ ಎಂಜಿನ್ನನ್ನೇ ಬಿಚ್ಚಿ ಜೋಡಿಸಿದವನು. ಎಣ್ಣೆ ಕುಡಿಯುವ ಎಂಜಿನ್ನಿಗೆ ರಿಂಗ್, ವಾಲ್ವ್ ಸೀಲ್, ಬೋರಿಂಗ್ ಮಾಡಿಸಿದರೆ ಮುಗಿಯುವ ಕೆಲಸಕ್ಕೆ ನೀವು ರೇಡಿಯೇಟರ್, ಇಂಟರ್‌ಕೂಲರ್, ಎಕ್ಸಾಸ್ಟ್, ವೈರಿಂಗ್, ಇಂಧನ ಪೈಪುಗಳು, ಈಗ ಡಿಫರೆನ್ಷಿಯಲ್‌ಗಳನ್ನೂ ಸೇರಿಸುತ್ತಿದ್ದೀರಿ. ಪ್ರತಿಯೊಂದೂ ಚಿಕ್ಕದೇ, ಒಟ್ಟುಗೂಡಿದರೆ ಗಾಡಿ ತಿಂಗಳುಗಟ್ಟಲೆ ನಿಂತಲ್ಲೇ ನಿಲ್ಲುತ್ತದೆ. ನನ್ನದು ನಿಂತಿತ್ತು. ಇಂಧನದ ಬಗೆ ಬದಲಾದದ್ದನ್ನು ಗಾಡಿಯ ದಾಖಲೆಗೆ ಸೇರಿಸಲು ನಿಮ್ಮಲ್ಲಿ ಅವಕಾಶವಿದೆಯೇ ಎಂದು ಎಂಜಿನ್ ಕೊಳ್ಳುವ ಮೊದಲೇ ವಿಚಾರಿಸಿ, ಯಾಕೆಂದರೆ ದಾಖಲೆಗೆ ಹೊಂದದ ಗಾಡಿಗೆ ವಿಮೆ ಇದ್ದೂ ಇಲ್ಲದಂತೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ದಾಖಲೆಯ ವಿಚಾರವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳುತ್ತೇನೆ. ಎರಡು ಸಂದೇಹಗಳು ಉಳಿದಿವೆ. ಹಳೆಯ ಪೆಟ್ರೋಲ್ ಟ್ಯಾಂಕನ್ನೇ ಉಳಿಸಿಕೊಳ್ಳಬಹುದೇ? ಬ್ರೇಕ್ ಅದುಮಲು ನೆರವಾಗುವ ಸರ್ವೋಗೆ ಈಗ ನಿರ್ವಾತ ಬರುತ್ತಿರುವುದು ಇನ್‌ಟೇಕ್ ಮ್ಯಾನಿಫೋಲ್ಡಿನಿಂದ. ಡೀಸೆಲ್ಲಿನಲ್ಲಿ ಅದು ಎಲ್ಲಿಂದ ಬರುತ್ತದೆ?

ಮೊದಲ ಉತ್ತರ ಬರೆದವರು

ಡೀಸೆಲ್ ಎಂಜಿನ್ನಿನ ಇನ್‌ಟೇಕಿನಲ್ಲಿ ಥ್ರಾಟಲ್ ಕವಾಟ ಇಲ್ಲದಿರುವುದರಿಂದ ಅಲ್ಲಿ ನಿರ್ವಾತ ಹುಟ್ಟುವುದಿಲ್ಲ. ಟಿಡಿಐ ತನ್ನದೇ ನಿರ್ವಾತ ಪಂಪನ್ನು ಹೊತ್ತುಕೊಂಡು ಬರುತ್ತದೆ. ಗುಜರಿಯವರು ಅದನ್ನು ಬೇರೆ ಮಾರಿಕೊಂಡಿಲ್ಲವಷ್ಟೇ ಎಂದು ನೋಡಿಕೊಳ್ಳಿ.

ಟ್ಯಾಂಕನ್ನು ಉಳಿಸಿಕೊಳ್ಳಬಹುದು, ಆದರೆ ಅದಕ್ಕೆ ಇಂಧನ ಹಿಂದಿರುಗುವ ಪೈಪಿಗೊಂದು ದಾರಿ ಮಾಡಬೇಕು. ಟ್ಯಾಂಕನ್ನು ಕೆಳಗಿಳಿಸಿ, ಪೂರ್ತಿ ಬರಿದುಮಾಡಿ ತೊಳೆಯಿರಿ. ಇಂಜೆಕ್ಷನ್ ಪಂಪಿಗೆ ಅದರೊಳಗೆ ಹರಿಯುವ ಡೀಸೆಲ್ಲೇ ಕೀಲೆಣ್ಣೆ. ಪೆಟ್ರೋಲ್ ಬೆರೆತರೆ ಆ ಜಿಡ್ಡು ತೆಳುವಾಗಿ ಪಂಪು ಸವೆಯುತ್ತದೆ. ಬೆಸುಗೆ ಹಾಕಬೇಕಾಗಿ ಬಂದರೆ ಪೆಟ್ರೋಲಿನ ಆವಿ ಉಳಿದಿರುವ ಟ್ಯಾಂಕಿನ ಹತ್ತಿರ ಕಿಡಿಯನ್ನು ಒಯ್ಯಬೇಡಿ, ಅದನ್ನು ಬಲ್ಲವರ ಕೈಗೆ ಕೊಡಿ.

ವೈರಿಂಗ್ ನೀವು ಅಂಜುವಷ್ಟಿಲ್ಲ. ಈ ಎಂಜಿನ್ನಿಗೆ ಕಂಪ್ಯೂಟರ್ ಇಲ್ಲ; ಗ್ಲೋ ಪ್ಲಗ್‌ಗಳಿಗೊಂದು ರಿಲೇ ಮತ್ತು ದಪ್ಪ ತಂತಿ, ಪಂಪಿನ ಸ್ಟಾಪ್ ಸೊಲೆನಾಯ್ಡಿಗೆ ಕೀಲಿಯಿಂದ ಒಂದು ತಂತಿ, ಇಷ್ಟಿದ್ದರೆ ಓಡುತ್ತದೆ. ಆ ಎರಡನೆಯ ತಂತಿಗೆ ಕೀಲಿ ತೆಗೆದ ಮೇಲೂ ಕರೆಂಟು ಹರಿಯುವಂತೆ ಜೋಡಿಸಿದರೆ ಎಂಜಿನ್ ನಿಲ್ಲುವುದೇ ಇಲ್ಲ. ಮೊದಲ ಬಾರಿ ಸ್ಟಾರ್ಟ್ ಮಾಡುವಾಗ ಟಾಪ್ ಗೇರಿಗೆ ಹಾಕಿ, ಬ್ರೇಕ್ ಅದುಮಿ, ಕ್ಲಚ್ ಬಿಟ್ಟು ಆರಿಸಲು ಒಬ್ಬರು ಡ್ರೈವರ್ ಸೀಟಿನಲ್ಲಿ ಸಿದ್ಧರಾಗಿ ಕುಳಿತಿರಲಿ.