ಸುಮಾ, ಜ್ವರದ ಮಾತ್ರೆ ಕೊಟ್ಟು ಸುಮ್ನೆ ಕೂರಬೇಡ

ಸುಮಾ, ನಿನ್ನ ಮೆಸೇಜ್ ಈಗ ನೋಡಿದೆ. ರಘುಗೆ ಕಿಡ್ನಿ ಕೊಟ್ಟ ದಾನಿಯ ಬ್ಲಡ್ ಕಲ್ಚರ್‌ನಲ್ಲಿ, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಯಲ್ಲಿ, ಬ್ಯಾಕ್ಟೀರಿಯಾ ಬಂದಿದೆಯಂತೆ, ಹೊಸ ಕಿಡ್ನಿ ಹೋಗಿಬಿಡುತ್ತಾ ಅಂತ ಕೇಳಿದ್ದೀಯ. ಗಾಬರಿ ಆಗಬೇಡಮ್ಮ. ಡಾಕ್ಟರ್ ತಾವಾಗಿಯೇ ಫೋನ್ ಮಾಡಿ ಹೇಳಿದರಲ್ಲ, ಅದೇ ದೊಡ್ಡದು. ಶೀನನಿಗೆ ಆ ಫೋನ್ ಬರಲೇ ಇಲ್ಲ.

ಶೀನನ ವಿಷಯ ನಿಮಗೆಲ್ಲ ಗೊತ್ತು, ಆದರೂ ಹೇಳುತ್ತೇನೆ. ಅವನಿಗೂ ಆಪರೇಷನ್ ಚೆನ್ನಾಗೇ ಆಗಿತ್ತು. ಮೂತ್ರ ಬರುತ್ತಿತ್ತು, ಕಿಡ್ನಿ ಸೋಸಿ ಹಾಕಬೇಕಾದ ಕ್ರಿಯಾಟಿನಿನ್ ರಕ್ತದಲ್ಲಿ ಇಳಿದಿತ್ತು, ಮನೆಗೂ ಕಳಿಸಿದರು. ಒಂದು ಸಂಜೆ ಚಳಿ ಬಂತು, ಮೈ ಸ್ವಲ್ಪ ಬೆಚ್ಚಗಾಯಿತು. ಯಾರಿಗೂ ಹೇಳದೆ ಪ್ಯಾರಾಸಿಟಮಾಲ್ ನುಂಗಿ ಮಲಗಿದ. ಬೆಳಗ್ಗೆ ನೋಡಿದರೆ ಜ್ವರ ಇಲ್ಲ. ಮತ್ತೆ ಚಳಿ, ಮತ್ತೆ ಮಾತ್ರೆ. ಬಿಪಿ ಇಳಿದು ಮಾತು ತೊದಲಿದಾಗಲೇ ನಮಗೆ ಗೊತ್ತಾಗಿದ್ದು. ರಕ್ತದಲ್ಲಿ ಕ್ಲೆಬ್ಸಿಯೆಲ್ಲಾ ಅನ್ನುವ ಬ್ಯಾಕ್ಟೀರಿಯಾ. ದಾನಿಯ ರಕ್ತದಲ್ಲೂ ಅದೇ ಬೆಳೆದಿತ್ತಂತೆ. ಹೊಸ ಕಿಡ್ನಿಯ ರಕ್ತನಾಳ ಹೊಲಿದ ಜಾಗಕ್ಕೇ ಸೋಂಕು ಹಿಡಿದಿತ್ತು. ಅಲ್ಲಿ ನಾಳ ಒಡೆದರೆ ಜೀವವೇ ಹೋಗುತ್ತದೆ ಅಂತ ಕಿಡ್ನಿ ತೆಗೆದುಬಿಟ್ಟರು. ಮನುಷ್ಯ ಉಳಿದ, ಮತ್ತೆ ಡಯಾಲಿಸಿಸ್‌ಗೆ ಹೋದ.

ಅದಕ್ಕೇ ಹೇಳುತ್ತೇನೆ, ಜ್ವರ ಬಂದರೆ ಮಾತ್ರೆ ಕೊಟ್ಟು ಸುಮ್ನೆ ಕೂರಬೇಡ. ಕಸಿ ಆದವರು ಟ್ಯಾಕ್ರೋಲಿಮಸ್, ಸ್ಟೀರಾಯ್ಡ್ ಎಲ್ಲ ತಗೊಳ್ಳುತ್ತಾರೆ, ಅಲ್ವಾ? ಕಿಡ್ನಿಯನ್ನು ಮೈ ಒದ್ದು ಹಾಕದಿರಲಿ ಅಂತ ಕೊಡುವ ಔಷಧ ಅವು. ಆದರೆ ಸೋಂಕಿನ ಜೊತೆ ಹೋರಾಡುವ ಶಕ್ತಿಯೂ ಅದರಿಂದಲೇ ಕಡಿಮೆಯಾಗುತ್ತದೆ. ಒಳಗೆ ಸೋಂಕು ಜೋರಾಗಿದ್ದರೂ ಜ್ವರ ಸರಿಯಾಗಿ ಕಾಣಿಸದಿರಬಹುದು. ಕಾಣುವ ಚೂರನ್ನೂ ಮಾತ್ರೆ ಮುಚ್ಚಿಹಾಕುತ್ತದೆ. ರಘು ಬೇಡ ಅಂದರೂ ಕೇಳಬೇಡ. ಮಾತ್ರೆ ಕೊಟ್ಟು ಸುಮ್ನೆ ಕೂರಬೇಡ, ಮೊದಲು ಆಸ್ಪತ್ರೆಗೆ ಫೋನ್ ಮಾಡು.

ಆಗ ನಮ್ಮವರೇ ಕೆಲವರು ಆಡಿದ ಮಾತು ನನಗೆ ಇವತ್ತಿಗೂ ಸಂಕಟ. "ಕೆಟ್ಟ ಕಿಡ್ನಿ ಕೊಟ್ಟು ಕೈ ತೊಳೆದುಕೊಂಡರು" ಅಂದರು. ದಾನಿಯ ಮನೆಯವರ ಬಗ್ಗೆ ಆಡಿದ ಮಾತು ಅದು. ತಮ್ಮವರನ್ನು ಕಳೆದುಕೊಂಡು, ಅಳುತ್ತಲೇ ದಾನಕ್ಕೆ ಸಹಿ ಹಾಕಿದ ಜನ ಅವರು. ಅವರದೇನು ತಪ್ಪು? ದಾನಿ ಐಸಿಯುನಲ್ಲಿ ವೆಂಟಿಲೇಟರ್ ಮೇಲೆ ಇದ್ದವರು. ಆ ಟ್ಯೂಬು, ಕ್ಯಾಥೆಟರ್‌ಗಳಿಂದಲೇ ಬ್ಯಾಕ್ಟೀರಿಯಾ ಮೈಗೆ ಸೇರಬಹುದು. ಕಲ್ಚರ್ ಬೆಳೆದು ಪೂರ್ತಿ ರಿಪೋರ್ಟ್ ಬರಲು ಕೆಲವು ದಿನ ಬೇಕು. ತೆಗೆದ ಹೃದಯ 4ರಿಂದ 6 ಗಂಟೆ ಕಾಯುತ್ತದೆ, ಕಿಡ್ನಿ ಅಂದರೆ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ. ತಣ್ಣಗಿಟ್ಟರೆ ಬ್ಯಾಕ್ಟೀರಿಯಾ ಸಾಯುವುದೂ ಇಲ್ಲ. ಹಾಗಾಗಿ ಕಸಿ ಆದಮೇಲೆ ರಿಪೋರ್ಟ್ ಬರುವುದುಂಟು. ನನ್ನ ಸಿಟ್ಟೆಲ್ಲ ಬಂದ ರಿಪೋರ್ಟನ್ನು ಶೀನನ ಡಾಕ್ಟರಿಗೆ ತಲುಪಿಸದೆ ಇಟ್ಟುಕೊಂಡವರ ಮೇಲೆ. ಒಂದು ಫೋನ್ ಮಾಡಿದ್ದರೆ ಸಾಕಿತ್ತು.

ಅಯ್ಯೋ, ಮುಖ್ಯವಾದದ್ದೇ ಬಿಟ್ಟೆ. ದಾನಿಯಿಂದ ಹೀಗೆ ಸೋಂಕು ದಾಟುವುದು ಅಪರೂಪ, 100 ಜನರಲ್ಲಿ ಒಬ್ಬರಿಗೂ ಆಗುವುದಿಲ್ಲ. ಬ್ಯಾಕ್ಟೀರಿಯಾ ಇದೆ ಅಂತ ಗೊತ್ತಾಗಿ ಸರಿಯಾದ ಔಷಧ ಬೇಗ ಶುರುವಾದರೆ ಹೆಚ್ಚಿನವರ ಕಿಡ್ನಿ ಚೆನ್ನಾಗೇ ಇರುತ್ತದೆ. ನಾಳೆ ಡಾಕ್ಟರನ್ನು ಕೇಳು: ಯಾವ ಬ್ಯಾಕ್ಟೀರಿಯಾ, ಅದು ಯಾವ ಆಂಟಿಬಯೋಟಿಕ್‌ಗೆ ಬಗ್ಗುತ್ತದೆ, ಎಷ್ಟು ದಿನ ಕೊಡಬೇಕು. ಸಾಮಾನ್ಯವಾಗಿ 7ರಿಂದ 14 ದಿನ ಕೊಡುತ್ತಾರೆ, ಕೆಲವರಿಗೆ ಜಾಸ್ತಿಯೂ ಬೇಕಾಗುತ್ತದೆ. ಹುಷಾರಾದ ಅಂತ ಮಧ್ಯದಲ್ಲಿ ನಿಲ್ಲಿಸಬಾರದು. ಕಿಡ್ನಿ ಇಟ್ಟಿದ್ದ ದ್ರಾವಣದ ಕಲ್ಚರ್ ಮಾಡಿದ್ದಾರಾ ಅಂತಲೂ ಕೇಳು. ಜ್ವರ 38 ಡಿಗ್ರಿ ಮುಟ್ಟಿದರೆ, ಅಂದರೆ ಫ್ಯಾರನ್‌ಹೀಟ್‌ನಲ್ಲಿ 100.4, ಅಥವಾ ಜ್ವರ ಇಲ್ಲದೆಯೂ ಚಳಿ ನಡುಕ, ಗಾಯದಲ್ಲಿ ಕೀವು, ಕಿಡ್ನಿ ಇಟ್ಟ ಕಡೆ ನೋವು, ಮೂತ್ರ ಕಡಿಮೆ ಆದರೆ ರಾತ್ರಿಯಾದರೂ ಹೊರಡಿ. ಬೇರೆ ಯಾರೋ ಹೇಳಿದ ಆಂಟಿಬಯೋಟಿಕ್ ಮಾತ್ರ ಕೊಡಬೇಡ. ಕ್ಲಾರಿಥ್ರೋಮೈಸಿನ್ ಕೊಟ್ಟರೆ ಟ್ಯಾಕ್ರೋಲಿಮಸ್ ರಕ್ತದಲ್ಲಿ ಏರುತ್ತದೆ, ರಿಫಾಂಪಿಸಿನ್ ಕೊಟ್ಟರೆ ಇಳಿಯುತ್ತದೆ. ಡಾಕ್ಟರ್ ಚೀಟಿ ಬರೆದ ತಕ್ಷಣ ಅದರ ಫೋಟೋ ವೀಣಾಗೆ ಕಳಿಸು, ಅವಳು ಫಾರ್ಮಸಿ ಓದಿದವಳು, ಎಲ್ಲ ಒಮ್ಮೆ ನೋಡಿ ಹೇಳುತ್ತಾಳೆ.